ಬೆಳೆರೋಗ ಪತ್ತೆಗೆ ಗಣಕಯಂತ್ರ: ನಂಬುವ ಮುನ್ನ ಪರೀಕ್ಷಿಸುವ ಬಗೆ

(ರೈತರು ಮತ್ತು ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಎಲೆಯ ಮೇಲೆ ಚುಕ್ಕೆ ಕಂಡರೆ ಅದನ್ನು ಕಿತ್ತು, ಕಾಗದದಲ್ಲಿ ಸುತ್ತಿಕೊಂಡು, ಕೃಷಿ ಅಧಿಕಾರಿಗಳ ಕಚೇರಿಗೋ ಔಷಧಿ ಅಂಗಡಿಗೋ ಹೋಗುವುದು ನಮ್ಮಲ್ಲಿ ಬಹಳ ಕಾಲದಿಂದ ನಡೆದುಬಂದಿರುವ ರೂಢಿ. ಈಗ ಅದೇ ಎಲೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದರೆ ಸಾಕು, ಕ್ಷಣಮಾತ್ರದಲ್ಲಿ ರೋಗದ ಹೆಸರನ್ನೂ ಸಿಂಪಡಿಸಬೇಕಾದ ಔಷಧಿಯನ್ನೂ ಹೇಳುವ ಆ್ಯಪ್‌ಗಳು ಬಂದಿವೆ. ಇವುಗಳ ಪ್ರಚಾರದಲ್ಲಿ ಶೇಕಡ 95ರಷ್ಟು ನಿಖರ, ಶೇಕಡ 99ರಷ್ಟು ನಿಖರ ಎಂಬ ಮಾತು ಕಾಣುತ್ತದೆ. ಈ ಅಂಕಿ ಎಲ್ಲಿಂದ ಬಂತು, ನಮ್ಮ ಹೊಲದಲ್ಲಿಯೂ ಅದು ನಿಲ್ಲುತ್ತದೆಯೇ ಎಂಬುದನ್ನು ತಿಳಿಯುವ ಬಗೆ ಯಾವುದು? ಈ ದಿನ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇಷ್ಟೇ.

ಇದು ವಿದ್ಯಾವಂತರ ಚರ್ಚೆಗೆ ಮಾತ್ರ ಸೇರಿದ ವಿಷಯವೆಂದು ತಿಳಿಯಬಾರದು. ಟೊಮ್ಯಾಟೊ ಬೆಳೆಗೆ ಎಲೆ ಮುದುರು ನಂಜುರೋಗ ಬಂದಿರುವಾಗ ಯಂತ್ರವು ಅದನ್ನು ಅಂಗಮಾರಿ ಎಂದು ಹೇಳಿತೆನ್ನಿ. ರೈತರು ಶಿಲೀಂಧ್ರನಾಶಕ ತಂದು ಹೊಡೆಯುತ್ತಾರೆ. ನಂಜಿಗೆ ಶಿಲೀಂಧ್ರನಾಶಕದಿಂದ ಏನೂ ಆಗುವುದಿಲ್ಲ. ರೋಗವನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವ ಬಿಳಿ ನೊಣ ತನ್ನ ಪಾಡಿಗೆ ತಾನು ಹಾರಾಡಿಕೊಂಡಿರುತ್ತದೆ. ಔಷಧಿಯ ಹಣ, ಕೂಲಿಯ ಹಣ ಹೋಯಿತು. ಅದಕ್ಕಿಂತ ಮುಖ್ಯವಾಗಿ, ರೋಗದ ಗಿಡಗಳನ್ನು ಕಿತ್ತು ಹಾಕಬೇಕಾಗಿದ್ದ ವಾರ ಕಳೆದುಹೋಯಿತು.

ಯಂತ್ರ ಕಲಿಯುವ ಬಗೆ

ಪೈಥಾನ್ ಎಂಬುದು ಗಣಕಯಂತ್ರಕ್ಕೆ ಕೆಲಸ ಹೇಳುವ ಒಂದು ಭಾಷೆ. ನೆದರ್ಲೆಂಡ್ಸ್ ದೇಶದ ಗೀಡೊ ವಾನ್ ರಾಸಮ್ ಎಂಬುವರು ಇದನ್ನು ರೂಪಿಸಿ 1991ರಲ್ಲಿ ಹೊರತಂದರು. ಹೆಸರು ಹೆಬ್ಬಾವಿನದಾದರೂ ಹಾವಿಗೂ ಇದಕ್ಕೂ ಸಂಬಂಧವಿಲ್ಲ. ಬ್ರಿಟನ್ನಿನ ಒಂದು ಹಾಸ್ಯ ತಂಡದ ಹೆಸರಿನಿಂದ ಬಂದದ್ದು. ಇದನ್ನು ಬಳಸಲು ಹಣ ಕೊಡಬೇಕಾಗಿಲ್ಲ. ಕೋಷ್ಟಕಗಳನ್ನು ಓದಿ ಸರಿಪಡಿಸಲು ಪಾಂಡಾಸ್, ಕಲಿಸುವ ಮತ್ತು ಪರೀಕ್ಷಿಸುವ ಕೆಲಸಕ್ಕೆ ಸೈಕಿಟ್-ಲರ್ನ್, ಚಿತ್ರಗಳಿಗೆ ಪೈಟಾರ್ಚ್ ಅಥವಾ ಟೆನ್ಸರ್‌ಫ್ಲೋ ಎಂಬ ಸಿದ್ಧ ಸಲಕರಣೆಗಳೂ ಇದರೊಡನೆ ಉಚಿತವಾಗಿ ದೊರೆಯುತ್ತವೆ. ಚಿತ್ರಗಳ ಕೆಲಸಕ್ಕೆ ದೊಡ್ಡ ಯಂತ್ರ ಬೇಕಾಗಬಹುದು. ಕೋಷ್ಟಕದ ಕೆಲಸವಾದರೆ ನಿಮ್ಮ ಮನೆಯ ಮಕ್ಕಳು ಕಾಲೇಜಿಗೆ ಒಯ್ಯುವ ಲ್ಯಾಪ್‌ಟಾಪ್ ಧಾರಾಳವಾಗಿ ಸಾಕು.

ಸಾಮಾನ್ಯವಾಗಿ ಗಣಕಯಂತ್ರಕ್ಕೆ ನಾವು ನಿಯಮವನ್ನು ಹೇಳಿಕೊಡುತ್ತೇವೆ. ಎಕರೆಗೆ ಇಷ್ಟು ಬೀಜ, ಇಷ್ಟು ಎಕರೆ, ಒಟ್ಟು ಎಷ್ಟು ಎಂದರೆ ಗುಣಿಸಿ ಹೇಳುತ್ತದೆ. ಕಲಿಯುವ ಯಂತ್ರಕ್ಕೆ ನಿಯಮವನ್ನು ಹೇಳುವುದಿಲ್ಲ. ಉದಾಹರಣೆಗಳನ್ನೂ ಉತ್ತರಗಳನ್ನೂ ಕೊಟ್ಟು, ನಿಯಮವನ್ನು ನೀನೇ ಹುಡುಕಿಕೋ ಎನ್ನುತ್ತೇವೆ. ಸಾವಿರ ಎಲೆಗಳ ಚಿತ್ರ, ಪ್ರತಿಯೊಂದರ ಕೆಳಗೆ ರೋಗದ ಹೆಸರು. ಅಥವಾ ನೂರಾರು ಹೊಲಗಳ ಕೋಷ್ಟಕ. ಪ್ರತಿ ಸಾಲಿನಲ್ಲಿ ಕಳೆದ ಮೂರು ದಿನಗಳ ಮಳೆ, ರಾತ್ರಿಯ ಉಷ್ಣಾಂಶ, ಗಾಳಿಯ ತೇವಾಂಶ, ನಾಟಿಯಾಗಿ ಎಷ್ಟು ದಿನವಾಯಿತು ಎಂಬ ವಿವರ, ಕೊನೆಯಲ್ಲಿ ಅಂಗಮಾರಿ ಬಂತೇ ಇಲ್ಲವೇ ಎಂಬ ಉತ್ತರ.

ಸೈಕಿಟ್-ಲರ್ನ್‌ನಲ್ಲಿ ಇರುವ ವಿಧಾನಗಳಲ್ಲಿ ನಮಗೆ ಸುಲಭವಾಗಿ ಅರ್ಥವಾಗುವುದು ತೀರ್ಮಾನದ ಮರ. ಸಸ್ಯರೋಗ ತಜ್ಞರು ಕೇಳುವಂತೆಯೇ ಇದು ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತದೆ. ಮೂರು ದಿನಗಳಿಂದ ತುಂತುರು ಇದೆಯೇ? ಇದ್ದರೆ, ರಾತ್ರಿ ತಂಪಾಗಿದೆಯೇ? ಹೌದಾದರೆ ಈ ಕೊಂಬೆ, ಇಲ್ಲವಾದರೆ ಆ ಕೊಂಬೆ. ಯಾವ ಪ್ರಶ್ನೆ ಮೊದಲು ಕೇಳಬೇಕು ಎಂಬುದನ್ನು ಯಂತ್ರವೇ ಕೋಷ್ಟಕದಿಂದ ಕಂಡುಕೊಳ್ಳುತ್ತದೆ. ಇಂತಹ ನೂರಾರು ಮರಗಳನ್ನು ಬೆಳೆಸಿ, ಎಲ್ಲವುಗಳ ಮತ ಪಡೆದು, ಹೆಚ್ಚು ಮತ ಬಿದ್ದ ಉತ್ತರವನ್ನು ಹೇಳುವ ವಿಧಾನಕ್ಕೆ ರ್‍ಯಾಂಡಮ್ ಫಾರೆಸ್ಟ್ ಎಂದು ಹೆಸರು. ಲಿಯೊ ಬ್ರೈಮನ್ ಎಂಬ ಸಂಖ್ಯಾಶಾಸ್ತ್ರಜ್ಞರು 2001ರಲ್ಲಿ ಇದನ್ನು ವಿವರಿಸಿ ಬರೆದರು.

ತೊಂದರೆಯೆಂದರೆ, ಒಂದು ಮರವನ್ನು ಕತ್ತರಿಸದೆ ಬೆಳೆಯಲು ಬಿಟ್ಟರೆ ಅದು ಪ್ರತಿ ಹೊಲವನ್ನೂ ಬಾಯಿಪಾಠ ಮಾಡಿಬಿಡುತ್ತದೆ. ನೀವು ಕೊಟ್ಟ ಕೋಷ್ಟಕವನ್ನೇ ಮತ್ತೆ ತೋರಿಸಿ ಕೇಳಿದರೆ ನೂರಕ್ಕೆ ನೂರು ಅಂಕ ಪಡೆಯುತ್ತದೆ. ಹೊಸ ಹೊಲವನ್ನು ತೋರಿಸಿದರೆ ತಡವರಿಸುತ್ತದೆ. ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಮುಂಚೆಯೇ ನೋಡಿದ ಹುಡುಗನ ಅಂಕಕ್ಕೆ ಎಷ್ಟು ಬೆಲೆಯೋ ಈ ನೂರಕ್ಕೂ ಅಷ್ಟೇ. ಆದುದರಿಂದ ಉದಾಹರಣೆಗಳಲ್ಲಿ ಒಂದು ಭಾಗವನ್ನು ಯಂತ್ರಕ್ಕೆ ತೋರಿಸದೆ ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು. ಕಲಿಕೆ ಮುಗಿದ ಮೇಲೆ ಆ ಭಾಗದ ಮೇಲೆ ಪರೀಕ್ಷೆ ಮಾಡಬೇಕು. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಆದರೆ ಯಾವ ಭಾಗವನ್ನು ಪ್ರತ್ಯೇಕ ಇಟ್ಟರು ಎಂಬುದರಲ್ಲಿ ಎಲ್ಲ ವ್ಯತ್ಯಾಸವೂ ಅಡಗಿದೆ.

54 ಸಾವಿರ ಎಲೆಗಳ ಕಥೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾನಿಲಯದ ಪ್ಲಾಂಟ್‌ವಿಲೇಜ್ ಯೋಜನೆಯವರು ಎಲೆಗಳ ಚಿತ್ರಗಳ ಒಂದು ದೊಡ್ಡ ಸಂಗ್ರಹವನ್ನು ಮಾಡಿ ಎಲ್ಲರಿಗೂ ಉಚಿತವಾಗಿ ಕೊಟ್ಟರು. ಅದರಲ್ಲಿರುವುದು 14 ಬೆಳೆಗಳು, 26 ರೋಗಗಳು. ಆರೋಗ್ಯವಂತ ಎಲೆಗಳ ಗುಂಪುಗಳೂ ಸೇರಿ ಒಟ್ಟು 38 ಗುಂಪುಗಳು. 2016ರಲ್ಲಿ ಶರದ ಮೊಹಾಂತಿ, ಡೇವಿಡ್ ಹ್ಯೂಸ್ ಮತ್ತು ಮಾರ್ಸೆಲ್ ಸಲಾತೆ ಎಂಬ ವಿಜ್ಞಾನಿಗಳು ಈ ಸಂಗ್ರಹದ 54,306 ಚಿತ್ರಗಳಿಂದ ಯಂತ್ರಕ್ಕೆ ಕಲಿಸಿ, ಪ್ರತ್ಯೇಕವಾಗಿಟ್ಟ ಚಿತ್ರಗಳ ಮೇಲೆ ಪರೀಕ್ಷಿಸಿದಾಗ ಶೇಕಡ 99.35ರಷ್ಟು ಉತ್ತರಗಳು ಸರಿಯಾಗಿದ್ದವು. ಈ ಅಂಕಿ ಜಗತ್ತಿನಲ್ಲೆಲ್ಲ ಹರಡಿತು. ಅಂದಿನಿಂದ ಇದೇ ಚಿತ್ರಗಳನ್ನು ಬಳಸಿ ಯಂತ್ರಕ್ಕೆ ಕಲಿಸಿದ ವಿದ್ಯಾರ್ಥಿಗಳಿಗೂ ಪ್ರಬಂಧಗಳಿಗೂ ಲೆಕ್ಕವಿಲ್ಲ.

ಆದರೆ ಅದೇ ಪ್ರಬಂಧದಲ್ಲಿ ಆ ವಿಜ್ಞಾನಿಗಳು ಇನ್ನೊಂದು ಅಂಕಿಯನ್ನೂ ಮುಚ್ಚಿಡದೆ ಕೊಟ್ಟಿದ್ದರು. ತಮ್ಮ ಸಂಗ್ರಹಕ್ಕೆ ಸೇರದ, ಬೇರೆ ಕಡೆ ಬೇರೆ ರೀತಿಯಲ್ಲಿ ತೆಗೆದಿದ್ದ ಸುಮಾರು 120 ಚಿತ್ರಗಳನ್ನು ಅದೇ ಯಂತ್ರಕ್ಕೆ ತೋರಿಸಿದಾಗ ಸರಿಯಾದ ಉತ್ತರ ಬಂದದ್ದು ಶೇಕಡ 31ಕ್ಕೆ ತುಸು ಮೇಲೆ ಮಾತ್ರ. ಈ ಎರಡನೆಯ ಅಂಕಿ ಜನರ ಬಾಯಲ್ಲಿ ಉಳಿಯಲಿಲ್ಲ. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಬಂಧದಲ್ಲಿ ರೈತರಿಗೆ ಅತ್ಯಂತ ಉಪಯುಕ್ತವಾದ ಸಾಲು ಅದೇ.

99 ಇದ್ದದ್ದು 31ಕ್ಕೆ ಏಕೆ ಇಳಿಯಿತು? ಆ ಚಿತ್ರಗಳನ್ನು ತೆಗೆದ ರೀತಿಯನ್ನು ನೋಡಬೇಕು. ಎಲೆಯನ್ನು ಗಿಡದಿಂದ ಕಿತ್ತು, ಬೂದು ಅಥವಾ ಕಪ್ಪು ಬಣ್ಣದ ಕಾಗದದ ಮೇಲೆ ಒಂದೊಂದಾಗಿ ಹರಡಿ, ಒಳ್ಳೆಯ ಬೆಳಕಿನಲ್ಲಿ ಚಿತ್ರ ತೆಗೆದಿದ್ದರು. ನಮ್ಮ ಹೊಲದಲ್ಲಿ ಎಲೆಯ ಹಿಂದೆ ಕಾಗದವಿರುವುದಿಲ್ಲ. ಇನ್ನೊಂದು ಎಲೆ, ಕಳೆ, ಮಣ್ಣು, ಹನಿ ನೀರಾವರಿಯ ಪೈಪು, ಹಿಡಿದವರ ಬೆರಳು, ಮಧ್ಯಾಹ್ನದ ನೆರಳು, ಇವೆಲ್ಲ ಇರುತ್ತವೆ.

2022ರಲ್ಲಿ ಪ್ರಕಟವಾದ ಒಂದು ಪರಿಶೀಲನೆ ಇನ್ನೂ ಬೆರಗು ಹುಟ್ಟಿಸುವಂತಹುದು. ಅದರಲ್ಲಿ ಯಂತ್ರಕ್ಕೆ ಎಲೆಯನ್ನು ತೋರಿಸಲೇ ಇಲ್ಲ. ಪ್ಲಾಂಟ್‌ವಿಲೇಜ್ ಚಿತ್ರಗಳ ಹಿನ್ನೆಲೆಯಿಂದ, ಅಂದರೆ ಕಾಗದದಿಂದ, ಕೇವಲ 8 ಬಿಂದುಗಳ ಬಣ್ಣವನ್ನು ಮಾತ್ರ ಕೊಟ್ಟು ರೋಗದ ಹೆಸರು ಹೇಳು ಎಂದರು. ಕಣ್ಣು ಮುಚ್ಚಿ ಊಹಿಸಿದರೆ 38 ಗುಂಪುಗಳಲ್ಲಿ ಶೇಕಡ 2.6ರಷ್ಟು ಉತ್ತರಗಳು ಸರಿಯಾಗಬೇಕು. ಯಂತ್ರ ಶೇಕಡ 49ರಷ್ಟನ್ನು ಸರಿಯಾಗಿ ಹೇಳಿತು. ಅರ್ಥವೇನು? ಒಂದು ರೋಗದ ಎಲೆಗಳನ್ನು ಬಹುಮಟ್ಟಿಗೆ ಒಂದೇ ಬಗೆಯ ಕಾಗದದ ಮೇಲೆ, ಒಂದೇ ಬಗೆಯ ಬೆಳಕಿನಲ್ಲಿ ತೆಗೆದಿದ್ದರೆ, ಯಂತ್ರವು ರೋಗವನ್ನು ಬಿಟ್ಟು ಕಾಗದದ ಛಾಯೆಯನ್ನೇ ಕಲಿತುಬಿಡಬಹುದು. ಯಂತ್ರಕ್ಕೆ ರೋಗ ಯಾವುದು ಕಾಗದ ಯಾವುದು ಎಂಬ ಭೇದವಿಲ್ಲ. ಉತ್ತರಕ್ಕೆ ಹೊಂದುವ ಗುರುತು ಯಾವುದು ಸಿಕ್ಕರೂ ಅದನ್ನು ಹಿಡಿದುಕೊಳ್ಳುತ್ತದೆ. ಪ್ರತ್ಯೇಕವಾಗಿಟ್ಟ ಚಿತ್ರಗಳೂ ಅದೇ ಕಾಗದದ ಮೇಲಿನವೇ ಆಗಿದ್ದರೆ ಈ ದೋಷ ಪರೀಕ್ಷೆಯಲ್ಲಿ ಬಯಲಾಗುವುದಿಲ್ಲ.

ಯಂತ್ರಕ್ಕೆ ತಿಳಿಯದ ಬೆಳೆಗಳು

ಆ ಸಂಗ್ರಹದ 14 ಬೆಳೆಗಳಲ್ಲಿ ಸೇಬು, ಪೀಚ್, ಸ್ಟ್ರಾಬೆರಿ, ಬ್ಲೂಬೆರಿ ಮುಂತಾದವು ಇವೆ. ರಾಗಿ, ಜೋಳ, ತೊಗರಿ, ಅಡಿಕೆ, ಹತ್ತಿ, ಶೇಂಗಾ ಇಲ್ಲ. ಭತ್ತವೂ ಇಲ್ಲ. ಇರುವ ಬೆಳೆಗಳಲ್ಲಿಯೂ ವಿಚಿತ್ರಗಳಿವೆ. ಕಿತ್ತಳೆಯ 5,507 ಚಿತ್ರಗಳಿವೆ. ಎಲ್ಲವೂ ಗ್ರೀನಿಂಗ್ ರೋಗದವು, ಆರೋಗ್ಯವಂತ ಕಿತ್ತಳೆ ಎಲೆ ಒಂದೂ ಇಲ್ಲ. ಸೋಯಾ ಅವರೆಯ 5,090 ಚಿತ್ರಗಳಿವೆ. ಎಲ್ಲವೂ ಆರೋಗ್ಯವಂತ ಎಲೆಗಳು. ಇದರಿಂದ ಕಲಿತ ಯಂತ್ರದ ಲೋಕದಲ್ಲಿ ಆರೋಗ್ಯದ ಕಿತ್ತಳೆ ಗಿಡವೂ ಇಲ್ಲ, ರೋಗದ ಸೋಯಾ ಗಿಡವೂ ಇಲ್ಲ. ಬೆಳಗಾವಿ, ಧಾರವಾಡದ ಕಡೆಯ ಸೋಯಾ ಬೆಳೆಗಾರರು ತುಕ್ಕು ರೋಗ ತಗುಲಿದ ಎಲೆಯನ್ನು ತೋರಿಸಿದರೆ ಅದು ಆರೋಗ್ಯವಾಗಿದೆ ಎನ್ನಬಹುದು, ಇಲ್ಲವೇ ಬೇರಾವುದೋ ಬೆಳೆಯ ರೋಗದ ಹೆಸರು ಹೇಳಬಹುದು. ಸೋಯಾ ತುಕ್ಕು ಎನ್ನಲು ಅದಕ್ಕೆ ಬಾಯೇ ಇಲ್ಲ.

ಪೋಷಕಾಂಶದ ಕೊರತೆಯ ಮಾತೂ ಹಾಗೆಯೇ. ಸತುವಿನ ಕೊರತೆ, ಕಬ್ಬಿಣದ ಕೊರತೆ, ಕಳೆನಾಶಕ ತಗುಲಿ ಸುಟ್ಟ ಎಲೆ, ಇವು ಆ 38ರಲ್ಲಿ ಸೇರಿಲ್ಲ. ಹಳದಿಯಾದ ಎಲೆಯನ್ನು ತೋರಿಸಿದರೆ ಇರುವ ಹೆಸರುಗಳಲ್ಲೇ ಒಂದನ್ನು ಆರಿಸಿ ಹೇಳುತ್ತದೆ. ನಮ್ಮಲ್ಲಿ ಒಳ್ಳೆಯ ವಿಸ್ತರಣಾ ಕಾರ್ಯಕರ್ತರು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ಎಲೆಯನ್ನು ಕೇಂದ್ರಕ್ಕೆ ಕಳಿಸೋಣ ಎನ್ನುತ್ತಾರೆ. ಹಾಗೆ ಹೇಳುವುದನ್ನು ಯಂತ್ರಕ್ಕೆ ಪ್ರತ್ಯೇಕವಾಗಿ ಕಲಿಸಬೇಕಾಗುತ್ತದೆ, ತಾನಾಗಿ ಹೇಳುವುದಿಲ್ಲ.

ಭತ್ತಕ್ಕೆ ಸಂಬಂಧಿಸಿದಂತೆ ನೆರೆಯ ತಮಿಳುನಾಡಿನಲ್ಲಿ ಉತ್ತಮ ಪ್ರಯತ್ನವೊಂದು ನಡೆದಿದೆ. ಪ್ಯಾಡಿ ಡಾಕ್ಟರ್ ಎಂಬ ಸಂಗ್ರಹದಿಂದ 10,407 ಚಿತ್ರಗಳನ್ನು ರೋಗ, ತಳಿ ಮತ್ತು ಬೆಳೆಯ ವಯಸ್ಸಿನ ವಿವರದೊಡನೆ 2022ರಲ್ಲಿ ಕಲಿಕೆಗಾಗಿ ಎಲ್ಲರಿಗೂ ಬಿಡುಗಡೆ ಮಾಡಿದರು. ಇವು ಕಾಗದದ ಮೇಲಿನ ಎಲೆಗಳಲ್ಲ, ಗದ್ದೆಯಲ್ಲೇ ತೆಗೆದವು. ಹಾಗಿದ್ದರೂ ಅವುಗಳಲ್ಲಿ ಬಹುಪಾಲು ಎ.ಡಿ.ಟಿ. 45 ಎಂಬ ಒಂದೇ ತಳಿಯವು. ನಮ್ಮ ಜ್ಯೋತಿ ಅಥವಾ ಸೋನಾ ಮಸೂರಿ ಗದ್ದೆಯಲ್ಲಿ ಬೆಂಕಿ ರೋಗವನ್ನು ಅದರಿಂದ ಕಲಿತ ಯಂತ್ರ ಹೇಗೆ ಗುರುತಿಸುತ್ತದೆ ಎಂಬುದನ್ನು ಇಲ್ಲಿಯ ಗದ್ದೆಯಲ್ಲಿಯೇ ನೋಡಬೇಕು.

ಹೊಸದೊಂದು ತಳಿ ಬಂದಾಗ ನಾವು ಮಾಡುವುದೂ ಇದನ್ನೇ ಅಲ್ಲವೇ? ಸಂಶೋಧನಾ ಕೇಂದ್ರದ ಒಂದು ತಾಕಿನಲ್ಲಿ ಹೆಚ್ಚು ಇಳುವರಿ ಬಂತೆಂದು ಯಾರೂ ತಳಿಯನ್ನು ಬಿಡುಗಡೆ ಮಾಡುವುದಿಲ್ಲ. ಹಲವು ಸ್ಥಳಗಳಲ್ಲಿ, ಹಲವು ವರ್ಷ, ಕೊನೆಗೆ ರೈತರ ಹೊಲಗಳಲ್ಲಿ ಪ್ರಯೋಗ ನಡೆಯಬೇಕು. 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರಕ್ಕೆ ಸೇರಿದ ರೊನಾಲ್ಡ್ ಫಿಶರ್ ಅವರು ತಾಕುಗಳನ್ನು ಚೀಟಿ ಎತ್ತಿದಂತೆ ಹಂಚುವುದು, ಪ್ರಯೋಗವನ್ನು ಪುನರಾವರ್ತಿಸುವುದು ಮೊದಲಾದ ಕ್ರಮಗಳಿಗೆ ಭದ್ರವಾದ ಬುನಾದಿ ಹಾಕಿದರು. ಅದೇ ಫಿಶರ್ ಅವರು 1936ರಲ್ಲಿ ಐರಿಸ್ ಎಂಬ ಹೂವಿನ ಮೂರು ಜಾತಿಗಳನ್ನು ಎಸಳುಗಳ ಅಳತೆಯಿಂದ ಬೇರ್ಪಡಿಸುವ ಲೆಕ್ಕವನ್ನು ಪ್ರಕಟಿಸಿದರು. ಆ 150 ಹೂಗಳ ಕೋಷ್ಟಕ ಇಂದಿಗೂ ಸೈಕಿಟ್-ಲರ್ನ್‌ನೊಳಗೆ ಇದೆ. ಪೈಥಾನ್ ಕಲಿಯುವ ಹುಡುಗರು ಮೊದಲು ಮಾಡುವ ಅಭ್ಯಾಸಗಳಲ್ಲಿ ಅದೂ ಒಂದು. ಈ ಹೊಸ ವಿದ್ಯೆಯ ಬೇರು ಹೊಲದಲ್ಲಿಯೂ ಇದೆ ಎಂಬುದನ್ನು ಗಣಕಯಂತ್ರದವರು ಕೆಲವೊಮ್ಮೆ ಮರೆಯುತ್ತಾರೆ.

ಪ್ರತ್ಯೇಕ ಇಡುವ ಕ್ರಮ

ಈಗ ಕೆಲಸದ ವಿಷಯಕ್ಕೆ ಬರೋಣ. ಒಬ್ಬ ರೈತರ ಹೊಲದಲ್ಲಿ ಒಂದು ಎಲೆಗೆ ಐದು ಚಿತ್ರ ತೆಗೆದಿದ್ದೀರಿ ಎನ್ನೋಣ. ಎಲ್ಲ ಚಿತ್ರಗಳನ್ನೂ ಕಲಸಿ, ಐದರಲ್ಲಿ ಒಂದು ಪಾಲನ್ನು ಪರೀಕ್ಷೆಗೆಂದು ತೆಗೆದರೆ, ಒಂದೇ ಎಲೆಯ ನಾಲ್ಕು ಚಿತ್ರ ಕಲಿಕೆಗೂ ಐದನೆಯದು ಪರೀಕ್ಷೆಗೂ ಬರುವ ಸಂಭವವುಂಟು. ಯಂತ್ರ ಆ ಎಲೆಯನ್ನು ಆಗಲೇ ನೋಡಿದೆ. ಮೇಲೆ ಹೇಳಿದ ಮೊಹಾಂತಿ ಮತ್ತು ಸಂಗಡಿಗರು ಈ ವಿಷಯದಲ್ಲಿ ಎಚ್ಚರ ವಹಿಸಿದ್ದರು. 41,112 ಚಿತ್ರಗಳ ಮಟ್ಟಿಗೆ ಯಾವ ಚಿತ್ರ ಯಾವ ಎಲೆಯದು ಎಂಬ ದಾಖಲೆ ಅವರ ಬಳಿ ಇತ್ತು. ಒಂದು ಎಲೆಯ ಚಿತ್ರಗಳೆಲ್ಲ ಒಂದೇ ಕಡೆಗೆ ಹೋಗುವಂತೆ ಅವರು ನೋಡಿಕೊಂಡರು.

ನಾವು ಒಂದು ಹೆಜ್ಜೆ ಮುಂದೆ ಹೋಗಿ, ಒಂದು ಗ್ರಾಮದ ಚಿತ್ರಗಳೆಲ್ಲ ಒಂದೇ ಕಡೆಗೆ ಹೋಗುವಂತೆ ಮಾಡಬೇಕು. ಸೈಕಿಟ್-ಲರ್ನ್‌ನಲ್ಲಿ ಇದಕ್ಕೆ ಗ್ರೂಪ್ ಕೆ-ಫೋಲ್ಡ್ ಎಂಬ ಸಿದ್ಧ ಸಲಕರಣೆ ಇದೆ. ಪ್ರತಿ ಚಿತ್ರದ ಮುಂದೆ ಗ್ರಾಮದ ಹೆಸರು ಬರೆದಿದ್ದರೆ ಸಾಕು. ಇಪ್ಪತ್ತು ಗ್ರಾಮಗಳಿದ್ದರೆ ಐದು ಗುಂಪು ಮಾಡಿ, ಒಂದು ಸಲಕ್ಕೆ ನಾಲ್ಕು ಗ್ರಾಮಗಳನ್ನು ಹೊರಗಿಟ್ಟು, ಉಳಿದ ಹದಿನಾರರಿಂದ ಕಲಿಸಿ, ಹೊರಗಿಟ್ಟ ನಾಲ್ಕರಲ್ಲಿ ಪರೀಕ್ಷಿಸುತ್ತದೆ. ಹೀಗೆ ಐದು ಸಲ ಸರದಿಯ ಪ್ರಕಾರ ನಡೆಯುತ್ತದೆ. ಎಲ್ಲ ಗ್ರಾಮಗಳೂ ಒಮ್ಮೊಮ್ಮೆ ಪರೀಕ್ಷಕರ ಸ್ಥಾನದಲ್ಲಿ ಕೂರುತ್ತವೆ. ಕಲಸಿ ಪರೀಕ್ಷಿಸಿದಾಗ ಬಂದ ಅಂಕಕ್ಕಿಂತ ಈ ಅಂಕ ಕಡಿಮೆ ಬರುವುದೇ ಹೆಚ್ಚು. ಕಡಿಮೆ ಬಂತೆಂದು ಬೇಸರಪಡಬೇಕಾಗಿಲ್ಲ. ಇಪ್ಪತ್ತೊಂದನೆಯ ಗ್ರಾಮಕ್ಕೆ ಹೋದಾಗ ಏನಾಗುತ್ತದೆ ಎಂಬುದನ್ನು ಅದು ಹೇಳುತ್ತದೆ. ಐದು ಸಲದ ಅಂಕಗಳನ್ನು ಬಿಡಿಬಿಡಿಯಾಗಿಯೂ ನೋಡಬೇಕು. ನಾಲ್ಕರಲ್ಲಿ 85 ಬಂದು ಒಂದರಲ್ಲಿ 50 ಬಂದರೆ, ಆ ಗ್ರಾಮಗಳಲ್ಲಿ ತಳಿ ಬೇರೆಯೇ, ಮಣ್ಣು ಬೇರೆಯೇ, ಚಿತ್ರ ತೆಗೆದವರು ಬೇರೆಯೇ ಎಂದು ಹೋಗಿ ವಿಚಾರಿಸಬೇಕಾಗುತ್ತದೆ.

ಇಳುವರಿಯ ಅಂದಾಜಿಗೆ ಗ್ರಾಮದ ಬದಲು ವರ್ಷವನ್ನು ಹೊರಗಿಡಬೇಕು. ಮಳೆ ಚೆನ್ನಾಗಿದ್ದ 2020, 2021, 2022ರ ಅಂಕಿಗಳಿಂದ ಕಲಿತ ಯಂತ್ರಕ್ಕೆ 2023 ಏನೆಂದು ಗೊತ್ತಿರುವುದಿಲ್ಲ. ಆ ವರ್ಷದ ಮುಂಗಾರಿನಲ್ಲಿ ನಮ್ಮ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಮಾರುಕಟ್ಟೆ ದರದ ಮುನ್ಸೂಚನೆಯಾದರೆ ಹಿಂದಿನ ದಿನಗಳಿಂದ ಕಲಿಸಿ ಮುಂದಿನ ದಿನಗಳಲ್ಲಿ ಪರೀಕ್ಷಿಸಬೇಕೇ ಹೊರತು ದಿನಗಳನ್ನು ಕಲಸಕೂಡದು. ಅದರ ಅಂಕವನ್ನು ಒಂದು ಸರಳ ಊಹೆಯೊಡನೆ ಹೋಲಿಸುವುದೂ ಅಗತ್ಯ. ನಾಳೆಯ ಟೊಮ್ಯಾಟೊ ದರ ಇಂದಿನಷ್ಟೇ ಇರುತ್ತದೆ ಎಂಬುದೇ ಆ ಊಹೆ. ಇದಕ್ಕೆ ಪೈಥಾನೂ ಬೇಡ, ವಿದ್ಯುತ್ತೂ ಬೇಡ. ಇದನ್ನು ಸೋಲಿಸಲಾಗದ ಯಂತ್ರದಿಂದ ಪ್ರಯೋಜನವಿಲ್ಲ.

ಶೇಕಡಾವಾರು ಅಂಕಿಯ ಮೋಸ

ಪ್ಲಾಂಟ್‌ವಿಲೇಜ್ ಸಂಗ್ರಹದಲ್ಲಿ ಆಲೂಗೆಡ್ಡೆ ಎಲೆಗಳ ಚಿತ್ರಗಳು 2,152. ಅವುಗಳಲ್ಲಿ ಬೇಗ ಬರುವ ಅಂಗಮಾರಿಯವು 1,000, ತಡವಾಗಿ ಬರುವ ಅಂಗಮಾರಿಯವು 1,000, ಆರೋಗ್ಯವಂತ ಎಲೆಗಳು 152. ಈಗ ನಾನು ಒಂದು ಯಂತ್ರ ಮಾಡುತ್ತೇನೆ. ಯಾವ ಎಲೆ ತೋರಿಸಿದರೂ ರೋಗವಿದೆ ಎಂದಷ್ಟೇ ಹೇಳುತ್ತದೆ. ರೋಗವಿದೆಯೇ ಇಲ್ಲವೇ ಎಂಬ ಪ್ರಶ್ನೆಯಲ್ಲಿ ಅದಕ್ಕೆ ಶೇಕಡ 93ರಷ್ಟು ಅಂಕ ಬರುತ್ತದೆ! ಕಣ್ಣು ಕಟ್ಟಿದ ಯಂತ್ರಕ್ಕೆ 93 ಬರುವ ಪರೀಕ್ಷೆಯಲ್ಲಿ ಇನ್ನೊಂದಕ್ಕೆ 95 ಬಂತೆಂದರೆ ಹೆಚ್ಚೇನೂ ಆಗಲಿಲ್ಲ.

ಹೊಲದ ಪರಿಸ್ಥಿತಿ ಇದಕ್ಕೆ ತಿರುಗುಮುರುಗು. ರೋಗ ಆಗಷ್ಟೇ ಕಾಲಿಡುತ್ತಿರುವಾಗ ಸಾವಿರ ಗಿಡಗಳಲ್ಲಿ 20ಕ್ಕೆ ರೋಗ ತಗುಲಿರಬಹುದು. ರೋಗದ ಗಿಡವಾಗಲಿ ಆರೋಗ್ಯದ ಗಿಡವಾಗಲಿ ನೂರಕ್ಕೆ 95 ಸಲ ಸರಿಯಾಗಿ ಹೇಳುವ ಒಳ್ಳೆಯ ಯಂತ್ರವೊಂದು ನಿಮ್ಮಲ್ಲಿದೆ ಎಂದಿಟ್ಟುಕೊಳ್ಳಿ. 20 ರೋಗದ ಗಿಡಗಳಲ್ಲಿ 19ನ್ನು ಹಿಡಿಯುತ್ತದೆ. ಉಳಿದ 980 ಆರೋಗ್ಯದ ಗಿಡಗಳಲ್ಲಿ ನೂರಕ್ಕೆ ಐದರಂತೆ 49ನ್ನು ರೋಗದ್ದೆಂದು ತಪ್ಪಾಗಿ ಹೇಳುತ್ತದೆ. ಒಟ್ಟು 68 ಸಲ ರೋಗ ಎಂದಿತು, ನಿಜವಾಗಿ ರೋಗವಿದ್ದದ್ದು 19ರಲ್ಲಿ. ಅಂದರೆ ಅದು ರೋಗ ಎಂದಾಗಲೆಲ್ಲ ನಾಲ್ಕರಲ್ಲಿ ಒಂದು ಸಲಕ್ಕಿಂತ ತುಸು ಹೆಚ್ಚು ಮಾತ್ರ ನಿಜ.

ಹೀಗಿರುವುದರಿಂದ ಒಂದೇ ಶೇಕಡಾವಾರು ಅಂಕಿಯನ್ನು ಒಪ್ಪದೆ ಪೂರ್ಣ ಕೋಷ್ಟಕವನ್ನು ಕೇಳಬೇಕು. ಪೈಥಾನ್‌ನಲ್ಲಿ ಒಂದು ಸಾಲಿನ ಆಜ್ಞೆಯಿಂದ ಅದು ಬರುತ್ತದೆ. ನಿಜವಾದ ರೋಗ ಒಂದು ಬದಿಗೆ, ಯಂತ್ರ ಹೇಳಿದ ರೋಗ ಇನ್ನೊಂದು ಬದಿಗೆ; ಯಾವುದನ್ನು ಯಾವುದೆಂದು ಎಷ್ಟು ಸಲ ತಪ್ಪು ತಿಳಿಯಿತು ಎಂಬುದು ಮನೆಮನೆಯಲ್ಲಿ ಕಾಣುತ್ತದೆ. ತಪ್ಪುಗಳೆಲ್ಲ ಸಮಾನವಲ್ಲ. ಹಾಸನದ ಕಡೆ ಮುಂಗಾರಿನ ಆಲೂಗೆಡ್ಡೆಯಲ್ಲಿ, ಮೋಡ ಮುಸುಕಿ ತುಂತುರು ಹಿಡಿದ ದಿನಗಳಲ್ಲಿ, ತಡವಾಗಿ ಬರುವ ಅಂಗಮಾರಿಯನ್ನು ಆರೋಗ್ಯ ಎಂದು ಬಿಟ್ಟರೆ ಕೆಲವೇ ದಿನಗಳಲ್ಲಿ ಹೊಲವೇ ಕರಗಿಹೋಗಬಹುದು. ಆರೋಗ್ಯದ ಗಿಡವನ್ನು ಅಂಗಮಾರಿ ಎಂದರೆ ಒಂದು ಸಿಂಪರಣೆಯ ಖರ್ಚು. ಎರಡು ತಪ್ಪುಗಳಿಗೂ ಒಂದೇ ಬೆಲೆ ಕಟ್ಟಿ ಸರಾಸರಿ ಹೇಳುವ ಅಂಕಿಯಿಂದ ಬೆಳೆಗಾರರಿಗೆ ತೀರ್ಮಾನ ಮಾಡಲಾಗದು.

ಕೋಷ್ಟಕ ಚೊಕ್ಕವಾಗಿರಲಿ

ಈ ಕೆಲಸದಲ್ಲಿ ಹೆಚ್ಚಿನ ಕಾಲ ಹಿಡಿಯುವುದು ಕಲಿಸುವುದಲ್ಲ, ಅಂಕಿ-ಅಂಶಗಳನ್ನು ಹಸನು ಮಾಡುವುದು. ಉಳುಮೆ ಸರಿಯಿಲ್ಲದ ಹೊಲದಲ್ಲಿ ಒಳ್ಳೆಯ ಬೀಜ ಹಾಕಿದಂತೆ ಆಗಬಾರದು. ನಮ್ಮ ದಾಖಲೆಗಳಲ್ಲಿ ಸಾಮಾನ್ಯವಾಗಿ ಕಾಣುವ ತೊಡಕುಗಳನ್ನು ಹೇಳುತ್ತೇನೆ.

ಮೊದಲನೆಯದು ಅಳತೆ. ಒಬ್ಬರು ಎಕರೆಗೆ 12 ಎಂದು ಕ್ವಿಂಟಾಲ್‌ನಲ್ಲಿ ಬರೆದಿರುತ್ತಾರೆ, ಇನ್ನೊಬ್ಬರು 1200 ಎಂದು ಕಿಲೋದಲ್ಲಿ, ಮತ್ತೊಬ್ಬರು ಇಷ್ಟು ಚೀಲ ಎಂದು. ಮೂರನ್ನೂ ಒಂದೇ ಕಂಬಸಾಲಿನಲ್ಲಿ ಹಾಕಿದರೆ ಯಂತ್ರ ಚಕಾರವೆತ್ತದೆ ಲೆಕ್ಕ ಮಾಡುತ್ತದೆ. ವಿಸ್ತೀರ್ಣದಲ್ಲಿ 1.20 ಎಂದು ಬರೆದರೆ ಅದು ಒಂದು ಎಕರೆ ಇಪ್ಪತ್ತು ಗುಂಟೆಯೋ, ಅಥವಾ ಒಂದು ಎಕರೆ ಮತ್ತು ಐದನೇ ಒಂದು ಭಾಗವೋ? ನಲವತ್ತು ಗುಂಟೆಗೆ ಒಂದು ಎಕರೆಯಾದ್ದರಿಂದ ಮೊದಲನೆಯದು ಒಂದೂವರೆ ಎಕರೆಯಾಗುತ್ತದೆ. ಪಹಣಿ ನೋಡಿ ಬೆಳೆದ ನಮಗೆ ಇದು ಗೊತ್ತು, ಪಾಂಡಾಸ್‌ಗೆ ಗೊತ್ತಿಲ್ಲ. ಎಕರೆ, ಗುಂಟೆಗಳನ್ನು ಬೇರೆಬೇರೆ ಕಂಬಸಾಲುಗಳಲ್ಲಿಯೇ ಬರೆಯುವುದು ಉತ್ತಮ.

ಎರಡನೆಯದು ಸೊನ್ನೆ. ಮಳೆ ಬರಲಿಲ್ಲ ಎಂಬುದಕ್ಕೂ ಮಳೆಯನ್ನು ಅಳೆಯಲಿಲ್ಲ ಎಂಬುದಕ್ಕೂ ಅಜಗಜಾಂತರ. ಅಳೆಯದ ದಿನ 0 ಬರೆದರೆ ಯಂತ್ರ ಅದನ್ನು ಒಣ ದಿನವೆಂದು ತಿಳಿಯುತ್ತದೆ. ಒಣ ದಿನಗಳಲ್ಲಿಯೂ ಅಂಗಮಾರಿ ಬರುತ್ತದೆ ಎಂದು ಕಲಿಯುತ್ತದೆ. ಅಳೆಯದಿದ್ದರೆ ಮನೆಯನ್ನು ಖಾಲಿ ಬಿಡಿ. ಖಾಲಿ ಮನೆಯನ್ನು ಖಾಲಿ ಎಂದೇ ಗುರುತಿಸುವ ಏರ್ಪಾಡು ಪಾಂಡಾಸ್‌ನಲ್ಲಿದೆ.

ಗ್ರಾಮದ ಹೆಸರನ್ನು ಒಂದು ಕಡೆ ಹೊಸಹಳ್ಳಿ ಎಂದೂ ಇನ್ನೊಂದು ಕಡೆ ಹೊಸಳ್ಳಿ ಎಂದೂ ಬರೆದರೆ ಯಂತ್ರಕ್ಕೆ ಅವು ಎರಡು ಊರುಗಳು. ಒಂದು ಕಲಿಕೆಗೆ ಹೋಗಿ ಇನ್ನೊಂದು ಪರೀಕ್ಷೆಗೆ ಬಂದರೆ ಇಷ್ಟು ಹೊತ್ತು ಹೇಳಿದ ಎಚ್ಚರವೆಲ್ಲ ನೀರುಪಾಲು. ಕನ್ನಡದಲ್ಲಿಯೇ ಕೋಷ್ಟಕ ಮಾಡಬಹುದೇ ಎಂದು ಹಲವರು ಕೇಳುತ್ತಾರೆ. ಅವಶ್ಯವಾಗಿ ಮಾಡಬಹುದು, ಆದರೆ ಯೂನಿಕೋಡ್‌ನಲ್ಲಿ ಟೈಪ್ ಮಾಡಿರಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಉಳಿಸಿದ ಕಡತಗಳು ಪೈಥಾನ್‌ಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಮೊದಲು ಅವುಗಳನ್ನು ಪರಿವರ್ತಿಸಿಕೊಳ್ಳಬೇಕು.

ಈ ಹಂಗಾಮಿನಲ್ಲಿ ಮಾಡಬಹುದಾದ ಕೆಲಸ

ಎಲೆರೋಗದ ಆ್ಯಪ್ ಬಳಸುವುದೇ ಬೇಡ ಎಂದು ನಾನು ಹೇಳುತ್ತಿಲ್ಲ. ಅದು ಹೇಳಿದ್ದನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತ ಹೋಗಿ. ದಿನಾಂಕ, ಬೆಳೆ, ತಳಿ, ಬಿತ್ತನೆ ಅಥವಾ ನಾಟಿಯ ದಿನ, ಆ್ಯಪ್ ಹೇಳಿದ ಹೆಸರು, ಆಮೇಲೆ ಸಸ್ಯರೋಗ ತಜ್ಞರು ಅಥವಾ ಕೃಷಿ ವಿಜ್ಞಾನ ಕೇಂದ್ರದವರು ಗುರುತಿಸಿದ ಹೆಸರು. ಒಬ್ಬ ವಿಸ್ತರಣಾ ಕಾರ್ಯಕರ್ತರು ತಮ್ಮ ವ್ಯಾಪ್ತಿಯ ಹತ್ತಾರು ಹಳ್ಳಿಗಳಿಂದ ಒಂದೇ ಬೆಳೆಯ ಇಂತಹ ನೂರು ಸಾಲುಗಳನ್ನು ಕೂಡಿಸಿದರೆ, ಆ ಆ್ಯಪ್ ತಮ್ಮ ತಾಲ್ಲೂಕಿನಲ್ಲಿ ಎಷ್ಟರಮಟ್ಟಿಗೆ ನಂಬಲರ್ಹ ಎಂಬುದು ಯಾವ ಜಾಹೀರಾತಿಗಿಂತಲೂ ಚೆನ್ನಾಗಿ ತಿಳಿಯುತ್ತದೆ. ತಪ್ಪು ಹೇಳಿದವುಗಳನ್ನಷ್ಟೇ ಬರೆಯುವುದಾಗಲಿ ಸರಿ ಹೇಳಿದವುಗಳನ್ನಷ್ಟೇ ಬರೆಯುವುದಾಗಲಿ ಕೂಡದು. ತೋರಿಸಿದ್ದೆಲ್ಲ ಪುಸ್ತಕಕ್ಕೆ ಬರಬೇಕು.

ಸಂಗ್ರಹಕ್ಕಾಗಿ ಚಿತ್ರ ತೆಗೆಯುವವರು ಎಲೆಯನ್ನು ಕೀಳದೆ ಗಿಡದಲ್ಲಿದ್ದಂತೆಯೇ ತೆಗೆಯಿರಿ. ಎಲೆಯ ಮೇಲ್ಭಾಗದ್ದೊಂದು, ತಳಭಾಗದ್ದೊಂದು, ಇಡೀ ಗಿಡದ್ದೊಂದು. ಬೆಳಗ್ಗೆಯೂ ತೆಗೆಯಿರಿ, ಬಿಸಿಲೇರಿದ ಮೇಲೂ ತೆಗೆಯಿರಿ. ರೋಗದ ಹೊಲಕ್ಕೆ ಹೋದಾಗ ಅಲ್ಲಿಯೇ ಇರುವ ಆರೋಗ್ಯವಂತ ಗಿಡಗಳ ಚಿತ್ರವನ್ನೂ ತಪ್ಪದೆ ತೆಗೆಯಿರಿ. ರೋಗವನ್ನೆಲ್ಲ ಒಂದು ಊರಿನಿಂದ, ಆರೋಗ್ಯವನ್ನೆಲ್ಲ ಇನ್ನೊಂದು ಊರಿನಿಂದ ತಂದರೆ ಯಂತ್ರವು ಊರಿನ ಮಣ್ಣಿನ ಬಣ್ಣವನ್ನು ಕಲಿಯುತ್ತದೆ. ಕೆಂಪು ಮಣ್ಣೆಂದರೆ ರೋಗ, ಎರೆ ಮಣ್ಣೆಂದರೆ ಆರೋಗ್ಯ ಎನ್ನತೊಡಗುತ್ತದೆ. ರೋಗ ಯಾವುದೆಂದು ಖಚಿತವಾಗದಿದ್ದರೆ ಊಹಿಸಿ ಹೆಸರು ಬರೆಯಬೇಡಿ. ಗೊತ್ತಿಲ್ಲ ಎಂದೇ ಬರೆದು, ಎಲೆಯ ಮಾದರಿಯನ್ನು ಕಾಗದದ ಚೀಲದಲ್ಲಿಟ್ಟು, ಚಿತ್ರದ ಸಂಖ್ಯೆಯನ್ನು ಅದರ ಮೇಲೆ ನಮೂದಿಸಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಿ. ಅಲ್ಲಿಂದ ಉತ್ತರ ಬಂದ ಮೇಲೆ ಅದೇ ಸಾಲಿನಲ್ಲಿ ಹೆಸರು ತುಂಬಬಹುದು.